ಕವುಚಿಟ್ಟ ಲೋಟ

ಗಿರ್ರ್ ಎಂದು ಶುರುವಾಗಿ ಕೀಚಲು ದನಿಗೆ ಏರಿ, ಹಲ್ಲಿಗೆ ತಾಗಿದ ಕೂಡಲೇ ಗೊರಗೊರ ಎಂದು ಇಳಿಯುವ ಸದ್ದು. ಕಟ್ಟುಹಲ್ಲು ತಯಾರಿಸುವ ಆ ಕಾರ್ಖಾನೆಯಲ್ಲಿ ಉಜ್ಜುವ ಯಂತ್ರದ ಸದ್ದೇ, ಅದರ ಮುಂದೆ ಕೂತು ಹಲ್ಲು ತಿದ್ದುತ್ತಿದ್ದ ಹಲ್ಲಕ್ಕನಿಗೆ ಜೋಗುಳವಾಗಿತ್ತು. ಈಗ ಅದು ಗೋಡೆಯಾಚೆಯಿಂದ ಬರುತ್ತದೆ. ಗೋಡೆಯ ಈಚೆ ಅವಳು ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ಕಲಸುವ ತೊಟ್ಟಿಯ ಮುಂದೆ, ಮೊಣಕೈತನಕ ಬಿಳಿ ಮೆತ್ತಿಕೊಂಡು ನಿಂತಿರುತ್ತಾಳೆ.

ಅವಳನ್ನು ಅಲ್ಲಿಗೆ ತಳ್ಳಿದವನು ಮೇಸ್ತ್ರಿ. ಹಾಡುಗಾರ್ತಿಯೊಬ್ಬಳಿಗಾಗಿ ಮಾಡಿದ ಮುಂಬಲ್ಲುಗಳು ಕುಲುಮೆಯಲ್ಲಿ ಬೇಯುತ್ತಿದ್ದಾಗ ಮನೆಗೆ ಹೋಗುವ ಅವಸರಕ್ಕೆ, ಬಿಸಿ ಆರುವ ಮೊದಲೇ ಬಾಗಿಲು ತೆಗೆದವನು ಅವನು. ಹಲ್ಲು ಸೀಳಿತು. ಮಹಡಿಯ ಮೇಲಿನ ಮಾಲೀಕಿ ಮೇಡಂಗೆ ಅವನು ಹೇಳಿದ್ದು ಹಲ್ಲಕ್ಕನ ಹೆಸರು. ನಿಜ ಹೇಳಲು ಮೆಟ್ಟಿಲು ಹತ್ತಿ ಹೋದವಳಿಗೆ ಮಾತಿನ ಬದಲು ಅಳು ಬಂತು. ಅಳುವನ್ನೇ ಮೇಡಂ ಒಪ್ಪಿಗೆ ಅಂದುಕೊಂಡರು. ಎಲ್ಲವನ್ನೂ ಕಣ್ಣಾರೆ ಕಂಡಿದ್ದ ಪ್ಯಾಕಿಂಗ್ ಚಿಕ್ಕಮ್ಮ ಕೆಲಸ ಹೋದೀತೆಂದು ಬಾಯಿಗೆ ಬೀಗ ಹಾಕಿಕೊಂಡಳು.

ಅಂದಿನಿಂದ ಆ ಕುಲುಮೆ ಉರಿಯುತ್ತಿದ್ದುದು ಹಲ್ಲಕ್ಕನ ಹೊಟ್ಟೆಯಲ್ಲಿ.

ಶನಿವಾರ ಕೆಲಸ ಮುಗಿದ ಮೇಲೆ ಊಟದ ಕೋಣೆಯಲ್ಲಿ ಸೂಪರ್ ಹೀರೋ ಆಟ ನಡೆಯುತ್ತಿತ್ತು. ಆಡುವವರು ಒಬ್ಬೊಬ್ಬರೂ ಒಬ್ಬ ಹೀರೋ ಆಗುತ್ತಾರೆ, ತಾವೇನು ಮಾಡುತ್ತೇವೆಂದು ಹೇಳಿ ದಾಳ ಉರುಳಿಸುತ್ತಾರೆ. ಕಥೆ ನಡೆಸುವವಳು ಹಲ್ಲಕ್ಕ. ಹೊಸ ಕಥೆಗೆ ಅವಳು ಮೇಸ್ತ್ರಿಯನ್ನೂ ನಗುನಗುತ್ತಾ ಕರೆದಳು. ಅದು ಗಾಳ. ಅವನು ಹೀರೋ ಆಗಬೇಕು, ವಾರವಾರವೂ ಖಳನನ್ನು ಬೀದಿಗೆಳೆದು ಬಾರಿಸಬೇಕು. ಆ ಖಳ ತಾನೇ ಎಂದು ಬಾರಿಸುವಾಗ ತಿಳಿಯಬಾರದು, ಕೊನೆಯ ದಿನ ಎಲ್ಲರೆದುರು ತಿಳಿಯಬೇಕು.

"ಕಥೆಯ ಬಣ್ಣ ಮೊದಲೇ ಹೇಳಿಬಿಡ್ತೀನಿ," ಎಂದಳು ಹಲ್ಲಕ್ಕ. "ಇದು ಸೇಡಿನ ಕಥೆ. ಹೀರೋಗಳು ಹಾರ್ತಾರೆ, ಗೋಡೆ ಒಡೀತಾರೆ. ಆದ್ರೆ ಏಟು ಬಿದ್ರೆ ನೋವೂ ಆಗುತ್ತೆ. ಕಾಲು ಮುರಿದ್ರೆ ಮುಂದಿನ ವಾರ ಕುಂಟ್ಕೊಂಡೇ ಬರ್ಬೇಕು."

"ನನಗೆ ಈಗ್ಲೇ ಮಂಡಿ ಹಿಡ್ಕೊಂಡಿದೆ ಕಣೇ. ನನ್ನ ಹೀರೋಗಾದ್ರೂ ಒಳ್ಳೆ ಮಂಡಿ ಕೊಡು," ಎಂದಳು ಚಿಕ್ಕಮ್ಮ.

"ನನ್ನ ಹೀರೋ ಎಂಥ ಟ್ರಾಫಿಕ್‌ನಲ್ಲೂ ನುಗ್ಗಿ ಹೋಗ್ತಾನೆ," ಎಂದ ದವಾಖಾನೆಗಳಿಗೆ ಹಲ್ಲು ತಲುಪಿಸುವ ಬೈಕಣ್ಣ.

"ಅದು ನೀನು ದಿನಾ ಮಾಡೋದೇ ಅಲ್ವೇನೋ? ಬೇರೆ ಶಕ್ತಿ ಕೇಳು," ಎಂದಳು ಹಲ್ಲಕ್ಕ.

ಮೇಸ್ತ್ರಿಯೂ ನಕ್ಕ. ಹಲ್ಲಕ್ಕ ಎಲ್ಲರ ಮುಂದೆ ಒಂದೊಂದು ಖಾಲಿ ಲೋಟ ಇಟ್ಟಳು. ಇದು ಅವಳೇ ತಂದ ನಿಯಮ. ಹಿಂದೊಮ್ಮೆ ಅವಳ ಕಥೆಯಲ್ಲಿ ಹೊಳೆ ಉಕ್ಕಿದಾಗ ಬೈಕಣ್ಣ ದಾಳ ಬಿಟ್ಟು ಎದ್ದು ಹೋಗಿದ್ದ. ಅವನ ತಮ್ಮ ಹೊಳೆಯ ಪಾಲಾಗಿದ್ದನೆಂದು ಆಮೇಲೆ ತಿಳಿಯಿತು. ಅಂದಿನಿಂದ, ಕಥೆಯಲ್ಲಿ ಏನು ಬೇಡವೋ ಅದನ್ನು ಹೇಳಿ ಲೋಟ ಕವುಚಿದರೆ ಅದು ಮೇಜಿನ ಮೇಲೆ ಬರುವುದಿಲ್ಲ. ಯಾಕೆಂದು ಯಾರೂ ಕೇಳುವುದಿಲ್ಲ.

"ಹೊಳೆ," ಎಂದು ಬೈಕಣ್ಣ ಮೆಲ್ಲಗೆ ಲೋಟ ಕವುಚಿದ.

ಹಲ್ಲಕ್ಕ ಖಳನನ್ನು ಬಣ್ಣಿಸತೊಡಗಿದಳು. ಒಂದೊಂದು ಮಾತನ್ನೂ ಕಡ್ಲೆ ಅಗಿದ ಹಾಗೆ ಅಗಿದಳು. "ಅವನ ಹೆಸರು ಬೆಂಕಿರಾಯ. ಕೈ ಸೋಕಿದ್ದೆಲ್ಲ ಸೀಳಿಹೋಗುತ್ತೆ. ಸೀಳಿದ್ದನ್ನ ಪಕ್ಕದವಳ ಕೈಗೆ ಕೊಟ್ಟು, ಇವಳೇ ಅಂತ ಬೆರಳು ತೋರಿಸ್ತಾನೆ."

ಮೇಸ್ತ್ರಿಯ ನಗು ಅರ್ಧಕ್ಕೇ ನಿಂತಿತು. ಅವನು ಲೋಟವನ್ನು ಒಮ್ಮೆ ತಿರುಗಿಸಿದ.

"ಮಾಡದ ತಪ್ಪನ್ನ ಇನ್ನೊಬ್ಬರ ತಲೆಗೆ ಕಟ್ಟೋದು... ಅದು ಬೇಡ," ಎಂದು ಕವುಚಿಟ್ಟ.

"ಅದಿಲ್ಲ ಅಂದ್ರೆ ಕಥೆಯೇ ಇಲ್ವಲ್ಲ, ಮೇಸ್ತ್ರಿ," ಎಂದ ಬೈಕಣ್ಣ.

"ಯಾಕೆ ಅಂತ ಕೇಳೋ ಹಾಗಿಲ್ಲ. ಹಲ್ಲಕ್ಕನದೇ ನಿಯಮ," ಎಂದ ಮೇಸ್ತ್ರಿ.

ಇಲ್ಲೂ ಬಾಯಿ ಮುಚ್ಚಿಸಿದನಲ್ಲ ಎಂದು ಅವಳ ಮೈ ಉರಿದುಹೋಯಿತು. ಲೋಟ ಎತ್ತಿ ಅವನ ಮುಖಕ್ಕೆ ಬೀಸಬೇಕೆಂದು ಕೈ ಹೋಯಿತು, ಆದರೆ ಪಕ್ಕದಲ್ಲೇ ಬೈಕಣ್ಣ ಕವುಚಿಟ್ಟ ಲೋಟ ಕಂಡಿತು. ಇದನ್ನು ಎತ್ತಿದರೆ ಅದಕ್ಕೂ ಬೆಲೆಯಿಲ್ಲ. ಅವಳು ಕೈ ಹಿಂದಕ್ಕೆ ಎಳೆದುಕೊಂಡು ಹಲ್ಲು ಕಚ್ಚಿ ಕೂತಳು.

ಚಿಕ್ಕಮ್ಮ ಮಾತ್ರ ಮೇಸ್ತ್ರಿಯ ಲೋಟವನ್ನೇ ನೋಡುತ್ತಿದ್ದಳು. ಆಗ ಹಲ್ಲಕ್ಕನಿಗೂ ಹೊಳೆಯಿತು. ತನ್ನನ್ನು ಕಚ್ಚುವುದನ್ನೇ ಅಲ್ಲವೇ ಯಾರಾದರೂ ಮುಚ್ಚುವುದು? ಯಾರೂ ಕೇಳದೆ ಅವನೇ ತನ್ನ ತಪ್ಪನ್ನು ಬಾಯಿಬಿಟ್ಟಿದ್ದ. ಕಿಟಕಿಯಾಚೆ ಮಹಡಿಯ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಮೇಡಂ ಇನ್ನೂ ಹೊರಟಿರಲಿಲ್ಲ. ಇನ್ನು ವಾರವಾರ ಕಾಯುವ ಸಂಕಟ ಯಾಕೆ?

"ಚಿಕ್ಕಮ್ಮ, ಲೋಟದ ನಿಯಮ ಈ ಮೇಜಿಗೆ ಮಾತ್ರ ಅಲ್ವಾ?"

ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡಳು.

"ಮೇಜಿಗೆ ಮಾತ್ರ ಕಣೇ," ಎಂದಳು, ಮಂಡಿ ಒತ್ತಿಕೊಂಡು ಏಳುತ್ತಾ. "ನಡಿ, ಕಂಡದ್ದನ್ನ ಮೇಡಂಗೆ ನಾನೇ ಹೇಳ್ತೀನಿ. ಮೆಟ್ಟಿಲು ಹತ್ತೋವಾಗ ಕೈ ಹಿಡ್ಕೋ ಅಷ್ಟೇ."

"ಎಲ್ಲಿಗೆ ಹೊರಟ್ರಿ?" ಮೇಸ್ತ್ರಿಯ ದನಿ ಯಂತ್ರದ ಹಾಗೆ ಕೀಚಲಾಯಿತು. "ಆಟ ಶುರು ಮಾಡಿ ಹಲ್ಲಕ್ಕ. ನನ್ನ ಹೀರೋಗೆ ಏನು ಶಕ್ತಿ ಅಂತ ಹೇಳ್ಲೇ ಇಲ್ವಲ್ಲ. ಹಾರೋದು ಕೊಡ್ತೀರೋ, ಇಲ್ಲಾ..."

ಹಲ್ಲಕ್ಕ ಆಗಲೇ ಚಿಕ್ಕಮ್ಮನ ಕೈ ಹಿಡಿದು ಮೆಟ್ಟಿಲ ಮೇಲಿದ್ದಳು.