ಪಾಯಪ್ಪ ಕಾಕಾನ ಲ್ಯಾಟಿನ್

ಮಜ್ಜಿಗೆ ನೀರಾಗಿದ್ದರೆ ನಮ್ಮ ಪಾಯಪ್ಪ ಕಾಕಾ ಎಲ್ಲರಂತೆ ಮೂಗು ಮುರಿಯುತ್ತಿರಲಿಲ್ಲ. ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, "ಇದು ಬೋನಾಫೈಡ್ ಮಜ್ಜಗಿ ಅಲ್ಲ" ಎನ್ನುತ್ತಿದ್ದರು. ನನ್ನ ತುಟಿಯ ಮೇಲೆ ಬೆಲ್ಲ ಕಂಡರೆ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಪ್ರೈಮಾ ಫೇಸಿ ಕಳ್ಳಿ ಸಿಕ್ಕಳು!" ಎಂದು ನಗುತ್ತಿದ್ದರು. ಮಾಳಿಗೆ ಸೋರುತ್ತದೆ, ಮಣ್ಣು ಹಾಕಿಸುವುದು ಯಾವಾಗ ಎಂದು ಕಾಕು ಕೇಳಿದರೆ ಉತ್ತರ ಒಂದೇ: "ಸೈನಿ ಡೈ." ಕಾಕುವಿಗೆ ಅರ್ಥ ಗೊತ್ತಿರಲಿಲ್ಲ, ಗಂಡ ಗೊತ್ತಿದ್ದರು. "ಅಂದ್ರ ಈ ವರ್ಷಾನೂ ಇಲ್ಲ" ಎಂದು ಸೋರುವಲ್ಲಿ ಕೊಡ ಇಡುತ್ತಿದ್ದಳು.

ಕಾಕಾ ಗೋಕಾಕದ ಒಬ್ಬ ವಕೀಲರಲ್ಲಿ ಕಾರಕೂನರು. ಕಲಿತದ್ದು ಮರಾಠಿ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯ ತನಕ. ವಕೀಲರು ಕಚೇರಿಯಿಂದ ಮನೆಗೆ ನಡೆಯುವಾಗ ಕಾಗದಗಳ ಗಂಟು ಹೊತ್ತು ಹಿಂದೆ ನಡೆಯುತ್ತ, ಅಂದು ಕಿವಿಗೆ ಬಿದ್ದ ಶಬ್ದದ ಅರ್ಥ ಕೇಳಿಕೊಳ್ಳುತ್ತಿದ್ದರು. "ಇದು ಇಂಗ್ಲೀಷ ಅಲ್ಲವ್ವಾ, ಲ್ಯಾಟಿನ್. ಆಡೋ ಮಂದಿ ಯಾವಾಗೋ ಹೋಗ್ಯಾರ, ಮಾತಷ್ಟ ಉಳದಾವ" ಎಂದು ನನಗೆ ಹೇಳುವಾಗ ಅವರ ಮುಖದಲ್ಲಿ ಬಸದಿಗೆ ಹೋಗಿ ಬಂದವರ ಕಳೆ ಇರುತ್ತಿತ್ತು. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ಅವ್ವನೂ ನಾನೂ ಈ ಕಾಕಾನ ಮನೆಯಲ್ಲೇ ಇದ್ದೆವು. ಕಲ್ಲೋಳಿಯ ಒಕ್ಕಲುತನದ ಮನೆಗೆ ನನ್ನನ್ನು ಕೊಟ್ಟು ಮದುವೆ ಮಾಡಿದವರೂ ಅವರೇ.

ಮದುವೆಯಾಗಿ ಮೂರು ವರ್ಷಕ್ಕೆ ಅವ್ವನಿಗೆ ಜ್ವರ ಹಿಡಿಯಿತು. ನಾಲ್ಕು ದಿನವೆಂದು ಗೋಕಾಕಕ್ಕೆ ಬಂದ ನಾನು, ಜ್ವರ ಇಳಿಯದೆ ಒಂದೂವರೆ ತಿಂಗಳು ನಿಂತೆ. ಅಷ್ಟರಲ್ಲಿ ಸುದ್ದಿ ಬಂತು. ಸೊಸೆ ಬಾಳುವೆ ಒಲ್ಲೆನೆಂದು ಹೋಗಿದ್ದಾಳೆ ಎಂದು ಅತ್ತೆ ಹೇಳಿದ್ದರು. ಮನೆತನದ ಹಿರಿಯರು ಕೂತು, ನನ್ನ ಗಂಡನಿಗೆ ತುಕ್ಕಾನಟ್ಟಿಯಿಂದ ಇನ್ನೊಂದು ಹೆಣ್ಣು ತರುವುದೆಂದು ಗೊತ್ತುಮಾಡಿದ್ದರು.

ಉಣ್ಣುತ್ತಿದ್ದ ಕಾಕಾ ಕೈ ತೊಳೆದು ಎದ್ದರು. "ಎಕ್ಸ್‌ಪಾರ್ಟಿ!" ಎಂದರು. ಆವತ್ತು ಆ ಶಬ್ದಕ್ಕೆ ಮನೆಯಲ್ಲಿ ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊರಟರು. "ಹಿರಿಯಾರ ಮುಂದ ನಾ ಏನ ಮಾತಾಡ್ಲಿ ಕಾಕಾ?" ಎಂದು ಅಳುತ್ತ ಕೇಳಿದೆ. ಅವರು ಎತ್ತುಗಳನ್ನೇ ನೋಡುತ್ತ, "ಆದದ್ದ ಹೇಳು. ಒಂದ ಅಕ್ಷರ ಹೆಚ್ಚ ಬ್ಯಾಡ, ಒಂದ ಕಡಿಮಿ ಬ್ಯಾಡ" ಎಂದರು.

ಕಲ್ಲೋಳಿಯ ಪಡಸಾಲೆಯಲ್ಲಿ ಹಿರಿಯರು ಮತ್ತೆ ಸೇರಿದರು. ಕಾಕಾ ರುಮಾಲು ಸರಿಮಾಡಿಕೊಂಡು, "ನೀವು ಮಾಡಿದ್ದು ಎಕ್ಸ್‌ಪಾರ್ಟಿ ನಿಕಾಲಿ ಐತ್ರಿ. ಅಂದ್ರ ಒಂದ ಕಡಿ ಮಾತ ಕೇಳಿ ತೀರ್ಪ ಕೊಟ್ಟಿದ್ದು" ಎಂದರು.

ನನ್ನ ದೊಡ್ಡ ಮಾವ ಸಿಟ್ಟಾದರು. "ಇದು ನಿಮ್ಮ ಕೋರ್ಟ ಅಲ್ಲರಿ, ಪಾಯಪ್ಪಾರ."

"ಅಲ್ಲ, ನನಗೂ ಗೊತ್ತೈತಿ. ಕೋರ್ಟಿನ್ಯಾಗ ಕಳ್ಳಗ ಸುದ್ದಾ ಕೇಳ್ತಾರ, ನೀ ಏನ ಹೇಳ್ತೀಯಪಾ ಅಂತ. ನಿಮ್ಮ ಸೊಸಿಗೆ ಯಾರರ ಕೇಳಿರೇನ್ರಿ?"

ಕಾಕಾ ನನ್ನ ಕಡೆ ತಿರುಗಿ ತಲೆಯಾಡಿಸಿದರು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ನನಗೆ ನನ್ನ ದನಿಯೇ ಬೇರೆಯವರದೆನಿಸಿತು. "ಒಲ್ಲೆ ಅಂದಿಲ್ರಿ. ಅವ್ವಗ ಜ್ವರ ಬಂದಿದ್ದುವು, ನೋಡಿ ಬರ್ತೇನಿ ಅಂದಿನಿ. ಇವರಿಗೆ ಹೇಳೇ ಹೋಗೇನಿ."

ಎಲ್ಲರೂ ನನ್ನ ಗಂಡನನ್ನು ನೋಡಿದರು. ತಾಯಿಯ ಎದುರು ಎಂದೂ ಮಾತಾಡದವರು ಅವರು. ನೆಲ ನೋಡುತ್ತ, "ಖರೆ ಐತಿ. ನನಗ ಹೇಳಿ ಹೋಗಿದ್ಲು" ಎಂದರು.

ಅಷ್ಟು ಸಾಕಾಯಿತು. ತುಕ್ಕಾನಟ್ಟಿಗೆ ಹೇಳಿಕಳಿಸಿ ಮಾತು ಮುರಿದರು. ಅತ್ತೆ ಸುಗ್ಗಿಯ ತನಕ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಒಂದು ದಿನ, ಏನೂ ಆಗಿಲ್ಲವೆಂಬಂತೆ, ಜೋಳ ಬೀಸಲು ಎದುರಿಗೆ ಕೂತರು.

ಕಾಕಾನನ್ನು ಕೊನೆಯ ಸಲ ನೋಡಿದ್ದು ಇದಾಗಿ ಹತ್ತು ವರ್ಷದ ಮೇಲೆ. ಉಬ್ಬಸದಿಂದ ಹಾಸಿಗೆ ಹಿಡಿದಿದ್ದರು. ನಾನು ತಂದ ಶೇಂಗಾದ ಹೋಳಿಗೆಯ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿಯುತ್ತಿದ್ದರು. ಎಷ್ಟೋ ವರ್ಷದಿಂದ ಮನಸ್ಸಿನಲ್ಲಿದ್ದದ್ದನ್ನು ಆಗ ಕೇಳಿದೆ.

"ಆವತ್ತ ಅವರು ನಿಮ್ಮ ಮಾತ ಕೇಳದಿದ್ರ ಏನ ಮಾಡತಿದ್ರಿ ಕಾಕಾ?"

"ಏನ ಮಾಡೂದು? ಗಾಡಿ ಹೊಳ್ಳಿಸಿ ನಿನ್ನ ಕರ್ಕೊಂಡ ಬರತಿದ್ನಿ. ಹೆಣ್ಣಮಕ್ಕಳ ಸಾಲಿ ಬಾಯಾರಿಗೆ ಹಿಂದಿನ ದಿನಾನ ಹೇಳಿಟ್ಟಿದ್ನಿ. ಲಗ್ನದಾಗ ನೀ ಸಾಲಿ ಬಿಟ್ಟಿದ್ದಿಯಲ್ಲಾ, ಅದ ಇಯತ್ತೇದಾಗ ಕುಂಡರಸ್ತೇನಿ ಅಂದಿದ್ರು. ಆಮ್ಯಾಲ ನೀನೂ ಬಾಯಾರ ಆಗಿ ಹುಡುಗ್ಯಾರಿಗೆ ಕಲಸತಿದ್ದಿ."

"ಗಾಡ್ಯಾಗ ನನಗೊಂದ ಮಾತ ಹೇಳಬಾರದಿತ್ತರಿ?" ಎಂದೆ.

ಕಾಕಾ ಉಸಿರು ಹಿಡಿದು ಹಿಡಿದು ನಕ್ಕರು. "ಹೇಳಿದ್ರ ಸಾಲಿ ಆಸೆಕ್ಕ ನೀ ಅಲ್ಲೆ ಹಿರಿಯಾರ ಮುಂದ ಬಾಯಿ ಬಿಡತಿದ್ದಿಲ್ಲ."

ನಾನು ಇಲ್ಲವೆನ್ನಲಿಲ್ಲ.