ಬಾವಿಗೆ ಸುರಿದ ಮೊದಲ ಕೊಡ

ಬಳ್ಳಾರಿ ಮೈಸೂರಿಗೆ ಸೇರಿದ ವರ್ಷ ಕುರುಗೋಡಿನ ಪಂಚಾಯ್ತಿಯವರಿಗೆ ಇದ್ದಕ್ಕಿದ್ದಂತೆ ಊರಿನ ಚರಿತ್ರೆ ಬೇಕಾಯಿತು. ಹೊಸ ಸರ್ಕಾರದ ಸಾಹೇಬರು ಬಂದಾಗ ಕೈಗಿಡಲು ಒಂದು ಪುಸ್ತಕ. ನಾನು ಶಾಲೆಯ ಮೇಷ್ಟ್ರು, ನನ್ನ ಅಕ್ಷರ ದುಂಡಗಿದೆ ಎಂದು ಆ ಕೆಲಸ ನನ್ನ ತಲೆಗೆ ಕಟ್ಟಿದರು. ನಾನೂ ಉಬ್ಬಿಹೋದೆ. ನನಗಿಂತ ಹೆಚ್ಚು ಉಬ್ಬಿದವಳು ಅವ್ವ.

ಅವಳಿಗೆ ಬೇಕಾಗಿದ್ದುದು ಒಂದೇ ಸಾಲು. ಊರಿನ ಸಿಹಿನೀರಿನ ಬಾವಿಯನ್ನು ಬಂಡೆ ಒಡೆದು ತೋಡಿದವನು ಅವಳ ಅಪ್ಪ. ನೀರು ಕಂಡ ದಿನವೇ ಮೇಲಿಂದ ಕಲ್ಲು ಜಾರಿ ಅದರೊಳಗೇ ಸತ್ತ. ಕೊಡ ಎತ್ತುವ ವಯಸ್ಸು ಬಂದಾಗಿನಿಂದ ಅವ್ವ ದಿನಾ ಬೆಳಿಗ್ಗೆ ಸೇದಿದ ಮೊದಲ ಕೊಡವನ್ನು ಮತ್ತೆ ಬಾವಿಗೇ ಸುರಿಯುತ್ತಿದ್ದಳು. "ಇದು ನಮ್ಮಪ್ಪಗ" ಎನ್ನುತ್ತಿದ್ದಳು. ಎರಡನೆಯ ಕೊಡ ಮನೆಗೆ. ನೀರಿಗೆ ಬಂದ ಹೆಂಗಸರು ನಗುತ್ತಿದ್ದರು, ಇವಳು ಕ್ಯಾರೇ ಅನ್ನುತ್ತಿರಲಿಲ್ಲ.

"ನಮ್ಮಪ್ಪನ ಹೆಸರು ಬರಿಯಪಾ. ಊರೆಲ್ಲಾ ನೀರು ಕುಡೀತೈತಿ, ಒಬ್ರೂ ನೆನಸಂಗಿಲ್ಲ" ಅಂದಳು.

ಬರೆದೆ. ಪಂಚಾಯ್ತಿ ಪ್ರೆಸಿಡೆಂಟರು ಓದಿ ಹಣೆ ಗಂಟಿಕ್ಕಿದರು. "ಮೇಷ್ಟ್ರೇ, ಬಾವಿ ತೋಡಿಸಿದ್ದು ನಮ್ಮ ತಾತ. ಕೂಲಿ ಮಾಡಿದೋರ ಹೆಸರೆಲ್ಲಾ ಹಾಕ್ಕೋತ ಕುಂತ್ರ ಅದು ಚರಿತ್ರಿ ಆಕ್ಕೈತೇನ್ರಿ? ಹೊಡೀರಿ ಅದನ್ನ."

ಅವರ ತಾತ ಆ ಬಾವಿಯಿಂದ ಒಂದು ಬುಟ್ಟಿ ಕಲ್ಲು ಎತ್ತಿದ್ದರೆ ಕೇಳಿ! ಹಾಗಂತ ಅವರ ಮುಖಕ್ಕೇ ಹೇಳಬಹುದಿತ್ತು. ಹೇಳಲಿಲ್ಲ. ಅವರ ಒಂದು ಮಾತಿಗೆ ನನ್ನನ್ನು ದೂರದ ರಾರಾವಿಯ ಶಾಲೆಗೆ ಎತ್ತಿಹಾಕುತ್ತಿದ್ದರು. "ಆಗ್ಲಿರಿ" ಅಂದೆ. ನನ್ನಜ್ಜನ ಹೆಸರು ಹೊಡೆದು, ಅಲ್ಲಿ ಅವರ ತಾತನ ಹೆಸರನ್ನು ನಾನೇ ದುಂಡಗೆ ಬರೆದೆ. ಥೂ, ಇವತ್ತಿಗೂ ನನ್ನ ಅಕ್ಷರ ಕಂಡರೆ ನನಗೇ ಆಗುವುದಿಲ್ಲ.

ಬಳ್ಳಾರಿಯಲ್ಲಿ ಅಚ್ಚಾಗಿ ಪುಸ್ತಕ ಬಂತು. ಓದು ಬಾರದ ಅವ್ವ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಎದುರಿಗೆ ಕೂತಳು.

"ಎಲ್ಲೈತಿ ತೋರ್ಸು."

ಬಾವಿಯ ಪುಟ ತೆಗೆದೆ. ಇಲ್ಲವ್ವ, ಹಾಕಲಿಲ್ಲ ಎನ್ನಬೇಕಿತ್ತು. ಅವಳ ಮುಖ ನೋಡಿ ಹೆದರಿದೆ. ಪ್ರೆಸಿಡೆಂಟರ ತಾತನ ಹೆಸರಿನ ಮೇಲೆ ಬೆರಳಿಟ್ಟು, "ಇಲ್ಲೈತಿ ನೋಡಬೇ" ಅಂದೆ. ಅವಳು ಆ ಹೆಸರನ್ನು ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮರುದಿನ ಬೆಳಿಗ್ಗೆ ಅವ್ವ ಮೊದಲ ಕೊಡವನ್ನು ಬಾವಿಗೆ ಸುರಿಯಲಿಲ್ಲ. ನೇರ ಮನೆಗೆ ತಂದಳು.

"ಇನ್ನ ನಾ ಒಬ್ಬಾಕಿನ ಯಾಕ ನೆನಸಬೇಕು? ಊರೇ ಬರದಿಟ್ಟೈತಿ" ಎಂದು ನಗುತ್ತ, ಆ ಕೊಡದಿಂದ ಒಂದು ಚೆಂಬು ಬಗ್ಗಿಸಿ ನನ್ನ ಕೈಗೆ ಕೊಟ್ಟಳು.

ಕುಡಿದೆ.