ರುಚಿ ನೋಡದ ಸಾರು, ಸೇಪಿಯಂಟ್ ಎಂಬ ಪದ

ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲನೆಯವಳು ನಾನು. ನಮ್ಮೂರು ಶಾಗ್ಯದಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ ಗಳಿಸಿದ್ದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ಓದಿದವಳ ಕೈಗೆ ಒಲೆ ಒಗ್ಗುವುದಿಲ್ಲ ಎಂಬ ಮಾತೊಂದು ಮನೆಯಲ್ಲಿ ಹುಟ್ಟಿಕೊಂಡಿತು. ಅದನ್ನು ಅಡಗಿಸಲೆಂದೇ ಆ ವರ್ಷ ಹಿರಿಯರ ಹಬ್ಬದ ಅಡುಗೆ ನನಗೇ ಬಿಡು ಎಂದು ಅಜ್ಜಿಯ ಹತ್ತಿರ ಹಟ ಹಿಡಿದೆ.

"ಮಾಡು. ಕೆಟ್ರೆ ಮುಂದಿನ್ ವರ್ಷ ಒಲೆ ತಾವ್ಕೆ ಬರಂಗಿಲ್ಲ" ಎಂದಳು ಅಜ್ಜಿ.

ಸತ್ತ ಹಿರಿಯರಿಗೆ ಎಡೆ ಇಟ್ಟು ಕೈಮುಗಿಯುವವರೆಗೆ ಅಂದಿನ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ನಾಲಿಗೆಗೆ ತಗುಲಿದರೆ ಎಂಜಲು. ಅಜ್ಜಿಗೆ ಸಾರಿನ ವಾಸನೆಯಲ್ಲೇ ಉಪ್ಪು ತಿಳಿಯುತ್ತದಂತೆ.

ಕುಂಬಳಕಾಯಿ ಸಾರು ಕುದಿಯುತ್ತಿತ್ತು. ನನಗೆ ಸುಮ್ಮನಿರಲಾಗಲಿಲ್ಲ.

"ಅಜ್ಜೀ, ಬುದ್ಧಿವಂತ್ರಿಗೆ ಇಂಗ್ಲಿಷ್ನಲ್ಲಿ ಸೇಪಿಯಂಟ್ ಅಂತಾರೆ. ಲ್ಯಾಟಿನ್ ಅನ್ನೋ ಹಳೇ ಭಾಷೆಯಿಂದ ಬಂದದ್ದು. ಅಲ್ಲಿ ಅದ್ರ ಮೂಲ, ರುಚಿ ನೋಡೋದು ಅಂತ. ನಾಲ್ಗೆಗೆ ಹುಳಿ ಸಿಹಿ ಗೊತ್ತಾದಂಗೆ ಮನ್ಸಿಗೆ ಸರಿ ತಪ್ಪು ಗೊತ್ತಾಗೋನೇ ಬುದ್ಧಿವಂತ."

"ಅಂಗಾರೆ ಎಡೆ ಇಡಗಂಟ ನಮ್ಮಟ್ಟೀಲಿ ಬುದ್ಧಿವಂತ್ರು ಒಬ್ರೂ ಇಲ್ಲ ಅನ್ನು. ಸುಮ್ನೆ ಸೌಟ್ ಆಡ್ಸಮ್ಮಿ."

ಹಿತ್ತಿಲಿಗೆ ಹೋಗಿ ಬಾಳೆ ಎಲೆ ಕೊಯ್ದು ತಂದು, ಸಾರಿಗೆ ಒಂದು ಹಿಡಿ ಉಪ್ಪು ಹಾಕಿದೆ. ಅಜ್ಜಿಯ ಹಾಗೆ ಬಗ್ಗಿ ವಾಸನೆ ನೋಡಿದೆ. ಕುಂಬಳಕಾಯಿಯ ವಾಸನೆ ಚೆನ್ನಾಗಿಯೇ ಬಂತು. ಉಪ್ಪಿನ ಸುದ್ದಿ ಏನೂ ಬರಲಿಲ್ಲ.

ಎಡೆ ಇಟ್ಟು, ಹಿರಿಯರು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಹೊರಗೆ ಕೂತೆವು. ಅಲ್ಲಿ ಅಜ್ಜಿ ನನ್ನ ಪದದ ಕಥೆಯನ್ನು ಎಲ್ಲರಿಗೂ ಹೇಳಿದಳು. ಆಮೇಲೆ ನಮ್ಮ ಪಂಕ್ತಿ. ಹನೂರಿನಿಂದ ಬಂದಿದ್ದ ಚಿಕ್ಕಪ್ಪ ಮೊದಲ ತುತ್ತು ಬಾಯಿಗಿಟ್ಟು, ಚೊಂಬು ಎತ್ತಿ ನೀರು ಪೂರ್ತಿ ಕುಡಿದ.

"ಅಮ್ಮೀ, ಅದೇನೋ ಪದ ಯೋಳ್ದ್ಯಂತಲ್ಲ, ಇನ್ನೊಂದಪ ಯೋಳು."

"ಸೇಪಿಯಂಟ್."

"ಊಂ. ಈಗ ರುಚಿ ನೋಡಿರೋನು ನಾನು. ಈ ಅಟ್ಟೀಲಿ ಬುದ್ಧಿವಂತ ನಾನೇ ಕಣಮ್ಮಿ. ಇನ್ನೊಂದ್ ಚೊಂಬು ನೀರ್ ತತ್ತಾ."

ಪಂಕ್ತಿಯೆಲ್ಲ ನಕ್ಕಿತು. ಮುಂದಿನ ವರ್ಷದ ಒಲೆ ಕೈತಪ್ಪಿತು ಎಂದುಕೊಂಡೆ. ನಾನು ಹಾಕಿದ್ದು ಒಂದೇ ಹಿಡಿಯಲ್ಲವೇ? ಅಜ್ಜಿಯ ಮುಖ ನೋಡಿದೆ. ಅವಳು ಸೂರಿನ ತೊಲೆ ನೋಡುತ್ತಿದ್ದಳು.

"ನೀ ಎಲೆ ಕುಯ್ಯಕೋದಾಗ ನಾನೂ ವಸಿ ಆಕ್ದೆ ಕಣಮ್ಮಿ. ಓದ್ದೋಳು, ಮರ್ತಿರ್ತೀಯ ಅನ್ಕಂಡೆ." ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದಳು. "ಸತ್ತೋರೇ ಏನೂ ಅನ್ಲಿಲ್ಲ, ನಿಂದೇನ್ಲಾ? ಮಜ್ಗೆ ಬುಟ್ಕಂಡು ಉಣ್ಣು."

ಇಂಗ್ಲಿಷಿನವರೂ ಈಗ ಸೇಪಿಯಂಟ್ ಪದವನ್ನು ಹೆಚ್ಚಾಗಿ ಅಣಕಕ್ಕೇ ಬಳಸುತ್ತಾರೆ. ಅದನ್ನು ನಾನು ಚಿಕ್ಕಪ್ಪನಿಗೆ ಹೇಳಲು ಹೋಗಲಿಲ್ಲ.

ಮರುವರ್ಷ ಹಬ್ಬದ ಬೆಳಿಗ್ಗೆ ಅಜ್ಜಿ ಉಪ್ಪಿನ ಜಾಡಿಯನ್ನು ತಂದು ನನ್ನ ಮುಂದೆ ಕುಕ್ಕಿದಳು. "ತಕ, ನೀನೇ ಆಕು. ನಾನ್ ಮುಟ್ಟಕಿಲ್ಲ."

ಸಾರು ಹದವಾಗಿಯೇ ಬಂತು. ಚಿಕ್ಕಪ್ಪ ಮಾತ್ರ ಎಲೆಯ ಮುಂದೆ ಎರಡು ಚೊಂಬು ನೀರಿಟ್ಟುಕೊಂಡೇ ಕೂತ.